ನಾಡಿಗಿಂತ ಮೊದಲು ಹೊಲ ಕೇಳಿದ ಡಾಕ್ಟರು

ನಮ್ಮ ನೀಲವ್ವ ಇವತ್ತು ಮನೆಗೆ ಬಂದಳು. ತನ್ನ ಕಾಲಿನ ಮೇಲೆ ತಾನೇ ನಡೆದು, ಎದೆಗೆ ನನ್ನ ಮೊಮ್ಮಗಳನ್ನು ಅವಚಿಕೊಂಡು, ಹೊಸ್ತಿಲು ದಾಟಿ ಒಳಗೆ ಬಂದಳು. ರೊಟ್ಟಿ ತುಂಡು, ನೀರು ಹಿಡಿದು ನಿವಾಳಿಸಲು ಬಾಗಿಲಲ್ಲಿ ನಿಂತಿದ್ದ ನಾನು ನಿವಾಳಿಸುವುದನ್ನೇ ಮರೆತು ಮಗುವಿನ ಮುಖ ನೋಡುತ್ತ ನಿಂತುಬಿಟ್ಟೆ. ನಮ್ಮ ಯಜಮಾನರು ಹಿಂದಿನಿಂದ, "ತಾಯಿ ಮಗಳನ್ನ ಬಾಗಲದಾಗ ಎಷ್ಟೊತ್ತು ನಿಂದರಸ್ತಿ, ಅವರೇನು ಸಾಲ ಕೇಳಾಕ ಬಂದಾರೇನು?" ಎಂದ ಮೇಲೆ ನನ್ನ ಕೈ ಓಡಿತು.

ನೀಲವ್ವ ನನ್ನ ಸೊಸೆ, ಒಬ್ಬನೇ ಮಗ ಶಿವಪ್ಪನ ಹೆಂಡತಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಸುರಾದಳು. ತವರಿನಲ್ಲಿ ತಾಯಿ ಇಲ್ಲದ ಕಾರಣ ಬಾಣಂತನ ನಮ್ಮಲ್ಲೇ ಆಗಬೇಕಾಯಿತು. ಹೆರಿಗೆ ಸುಸೂತ್ರ ಆಯಿತು, ಆದರೆ ಅದರ ಬೆನ್ನಿಗೆ ಜ್ವರ ಬಂತು. ಸಾಯುತ್ತಾಳೆ ಎಂದೇ ಓಣಿಯ ಹೆಂಗಸರು ಬಾಗಿಲಿಗೆ ಬಂದು ಸುಮ್ಮನೆ ನಿಂತು ಹೋಗುತ್ತಿದ್ದರು. ಅಂಥವಳು ಬೈಲಹೊಂಗಲದ ದವಾಖಾನೆಯಿಂದ ಇವತ್ತು ಬಸ್ಸಿಳಿದು, ಚಕ್ಕಡಿ ಹತ್ತಿ, ದಾರಿಯುದ್ದಕ್ಕೂ ಕಡಲೆ ಹೊಲ ನೋಡಿಕೊಂಡು ಬಂದಿದ್ದಾಳೆ. ಈ ಸುದ್ದಿಯನ್ನು ನಾನು ಯಾರಿಗೆ ಹೇಳಲಿ, ಯಾರಿಗೆ ಬಿಡಲಿ. ಎಲ್ಲರಿಗಿಂತ ಮೊದಲು ಯಾರಿಗೆ ಹೇಳಬೇಕಿತ್ತೋ ಅವರೇ ಊರಲ್ಲಿಲ್ಲ. ಪಿಂಚಣಿಗೆ ಹೋದರು. ಅದಕ್ಕೇ ಬರೆಯಲು ಕುಳಿತೆ. ಸಾಲೆಯನ್ನು ನಾನು ಮೂರನೇ ಇಯತ್ತೆಗೇ ಬಿಟ್ಟೆ, ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ಅವರ ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. ಸಂಶಯದ ಡಾಕ್ಟರು ಎಂದರೆ ಸಾಕು, ಅತ್ತ ಚಚಡಿ ಊರಿನ ತನಕ ಎಲ್ಲರಿಗೂ ಗೊತ್ತು. ಸ್ವರಾಜ್ಯ ಬಂದು ಒಂದೆರಡು ವರ್ಷಕ್ಕೆ ಬಂದರು. ದವಾಖಾನೆಗೆ ಕಟ್ಟಡ ಇರಲಿಲ್ಲ, ಹಳೆಯ ವಾಡೆಯೊಂದರ ಮುಂದಿನ ಪಡಸಾಲೆಯನ್ನು ಬಿಟ್ಟುಕೊಟ್ಟಿದ್ದರು. ಕೊಲ್ಲಾಪುರದ ಕಡೆಯ ಮನುಷ್ಯ. ತಲೆಗೆ ಕರಿ ಟೊಪ್ಪಿಗೆ, ಮೈಗೆ ಉದ್ದನೆಯ ಕೋಟು, ಸೈಕಲ್ಲಿನ ಚಕ್ರಕ್ಕೆ ಸಿಕ್ಕು ಸಿಕ್ಕು ಅಂಚು ಹರಿದ ಧೋತರ. ಸಿಟ್ಟು ಬಂದರೆ ಮರಾಠಿ, ಸಿಟ್ಟು ಇಳಿದರೆ ಕನ್ನಡ. ಯಾರ ಮನೆಗೆ ಹೋದರೂ ಕೊಟ್ಟ ರೊಟ್ಟಿಯನ್ನು ನಿಂತೇ ತಿನ್ನುತ್ತಿದ್ದರು. ತಿನ್ನುತ್ತ ಮನೆಯ ಮೂಲೆ ಮೂಲೆ ನೋಡುತ್ತಿದ್ದರು. ಜಂತಿಯ ಮೇಲೆ ಏನಿದೆ, ಹೊರಸಿನ ಕೆಳಗೆ ಏನಿದೆ, ಕುಡಿಯುವ ನೀರಿನ ಪಕ್ಕದಲ್ಲಿ ಏನಿಟ್ಟಿದ್ದಾರೆ, ಎಲ್ಲ ನೋಡುತ್ತಿದ್ದರು.

ಸಂಶಯದ ಡಾಕ್ಟರು ಎಂಬ ಹೆಸರು ಬಂದದ್ದು ಅವರ ಮಾತಿನಿಂದ. ಬೇರೆ ಡಾಕ್ಟರು, "ಇದು ಇಂಥಾ ರೋಗ, ಇದು ಇಂಥಾ ಔಷಧ" ಎಂದು ಖಡಕ್ಕಾಗಿ ಹೇಳುತ್ತಾರೆ. ಇವರು ಗಂಟಲು ಕೆರೆದುಕೊಂಡು, "ನನಗ ಒಂದು ಸಂಶಯ ಐತಿ ನೋಡ್ರಿ" ಎಂದೇ ಸುರು ಮಾಡುವುದು. ಅದಕ್ಕಿಂತ ವಿಚಿತ್ರ ಅವರ ಇನ್ನೊಂದು ರೂಢಿ. ರೋಗಿ ಬಂದು ಎದುರಿಗೆ ಕುಳಿತರೆ ನಾಡಿ ಹಿಡಿಯುವ ಮೊದಲು, ನಾಲಿಗೆ ತೆಗೆಯಿಸುವ ಮೊದಲು, "ಹೊಲದಾಗ ಏನ್ ಹೊಡದೀರಿ?" ಎಂದು ಕೇಳುತ್ತಿದ್ದರು.

ಒಮ್ಮೆ ನಮ್ಮ ಯಜಮಾನರು ಹಲ್ಲುನೋವೆಂದು ದವಡೆಗೆ ವಸ್ತ್ರ ಕಟ್ಟಿಕೊಂಡು ಹೋದರು. ಅವರಿಗೂ ಅದೇ ಪ್ರಶ್ನೆ.

"ಸಾಹೇಬ್ರ, ಹಲ್ಲು ಬಾಯಾಗ ಐತ್ರಿ, ಹೊಲದಾಗಿಲ್ಲ," ಎಂದರಂತೆ ಇವರು.

"ಬಾಯಿಗೆ ಹೋಗೂ ರೊಟ್ಟಿ ಎಲ್ಲಿಂದ ಬರತೈತಿ?"

"ಹೊಲದಿಂದ್ರಿ."

"ಹಂಗಾರ ಹೇಳ್ರಿ, ಏನ್ ಹೊಡದೀರಿ?"

ಮನೆಗೆ ಬಂದು ಒಂದು ವಾರ ಅದನ್ನೇ ಹೇಳಿಕೊಂಡು ನಕ್ಕರು. ಹಲ್ಲು ಕೀಳಿಸಿಕೊಂಡ ನೋವೂ ನಗುವಿನಲ್ಲಿ ಹೋಯಿತು.

ಆ ಪ್ರಶ್ನೆಗೆ ಕಾರಣವಿತ್ತು. ಅವರು ಬಂದ ಹೊಸದರಲ್ಲಿ ಮಲೇರಿಯಾದವರು ಬಂದು ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದುಹೋದರು. ಏನು ಹೇಳಲಿ ಆ ವರ್ಷದ ಸುಖ. ಗುಂಗಾಡು ಸೊಳ್ಳೆ ಉದುರಿದವು, ನೊಣ ಉದುರಿದವು, ಹೊರಸಿನ ತಗಣಿ ಸಹ ಸತ್ತವು. ಚಳಿಜ್ವರದಿಂದ ಗಡಗಡ ನಡುಗುವವರು ಊರಲ್ಲಿ ಕಾಣದಾದರು. ಡಾಕ್ಟರೇ ಖುಷಿಯಾಗಿ, "ಹಿಂಗ ಆದ್ರ ನಾನು ದವಾಖಾನಿ ಮುಚ್ಚಿ ಎಮ್ಮಿ ಕಟ್ಟತೇನಿ" ಎನ್ನುತ್ತಿದ್ದರು. ಔಷಧದ ಮೇಲೆ ಅವರಿಗೆ ಎಂದೂ ದ್ವೇಷ ಇರಲಿಲ್ಲ, ಇದನ್ನು ಇಲ್ಲೇ ಹೇಳಿಬಿಡುತ್ತೇನೆ.

ಆಮೇಲೆ ಹೊಲಕ್ಕೂ ಅದೇ ಜಾತಿಯ, ಹುಳು ಕೊಲ್ಲುವ ಪುಡಿ ಬಂತು. ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಕೈಯಿಂದ ತಿರುವುತ್ತ ಹೋದರೆ ಬೆಳ್ಳಗೆ ಹೊಗೆಯಂತೆ ಏಳುವ ಪುಡಿ. ನಮ್ಮ ಶಿವಪ್ಪ ಆ ಯಂತ್ರವನ್ನು ಹೊಸ ಎತ್ತಿನಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದ. ಹತ್ತಿಯ ಹುಳು ಸತ್ತವು. ಸತ್ತದ್ದು ನೋಡಿ ಊರಿಗೆ ಊರೇ ಹುಚ್ಚಾಯಿತು. ಹತ್ತಿಗೆ ಹೊಡೆದರು, ಜೋಳ ತುಂಬಿಡುವ ನೆಲದ ಹಗೆಯೊಳಗೆ ಸುರಿದರು, ಎತ್ತಿನ ಗಾಯಕ್ಕೆ ಮೆತ್ತಿದರು, ಹೇನಿಗೆಂದು ಹುಡುಗಿಯರ ತಲೆಗೆ ತಿಕ್ಕಿದರು. ಎರಡು ವರ್ಷ ಹೋದ ಮೇಲೆ ಹುಳು ಸಾಯುವುದು ಕಡಿಮೆ ಆಯಿತು. ಕಡಿಮೆ ಆದಷ್ಟೂ ಪುಡಿ ಹೆಚ್ಚಾಯಿತು.

ಗುಳಿಗೆಯ ಪಾಡೂ ಅಷ್ಟೇ. ಡಾಕ್ಟರು ಕೆಮ್ಮು ಜ್ವರಕ್ಕೆ ನಮ್ಮ ಯಜಮಾನರಿಗೆ ಗುಳಿಗೆ ಕೊಟ್ಟು, ಎಲ್ಲ ಮುಗಿಸಬೇಕು ಎಂದು ಹೇಳಿ ಕಳಿಸಿದ್ದರು. ನಮ್ಮ ಮನೆಯಲ್ಲಿ ಪದ್ಧತಿ ಏನೆಂದರೆ, ಹೊರಗಿನಿಂದ ಏನು ಬಂದರೂ ಎಲ್ಲರಿಗೂ ಪಾಲು. ಪೇರಲಹಣ್ಣು ಬಂದರೂ ಪಾಲು, ಬತ್ತಾಸು ಬಂದರೂ ಪಾಲು. ಯಜಮಾನರು ಗುಳಿಗೆಯನ್ನೂ ಪಾಲು ಮಾಡಿದರು. ತಮಗೊಂದು, ನನಗೊಂದು, ಮಗನಿಗೊಂದು, ಉಳಿದದ್ದನ್ನು ಕೆಮ್ಮುತ್ತಿದ್ದ ಎತ್ತಿಗೆ ಬೆಲ್ಲದಲ್ಲಿ. ತಿಳಿದ ದಿನ ಡಾಕ್ಟರು ನಮ್ಮ ಅಂಗಳದಲ್ಲಿ ನಿಂತು ಅರ್ಧ ತಾಸು ಮರಾಠಿ ಮಾತಾಡಿದರು. ಆಮೇಲೆ ಕನ್ನಡಕ್ಕೆ ಇಳಿದು ಕೇಳಿದರು:

"ಎತ್ತಿಗೆ ಯಾಕ ಕೊಟ್ರಿ?"

"ಅದೂ ಮನಿ ಮಂದಿ ಅಲ್ರಿ?"

ಡಾಕ್ಟರು ಟೊಪ್ಪಿಗೆ ತೆಗೆದು ತಲೆ ತುರಿಸಿಕೊಂಡರು. "ಯಜಮಾನ್ರ, ರೋಗದ ಹುಳಕ್ಕ ಅರ್ಧ ಪೆಟ್ಟು ಕೊಟ್ಟು ಬಿಟ್ರ ಅದು ಸಾಯಂಗಿಲ್ಲ. ಸಿಟ್ಟಿಗೆದ್ದು, ತಾಲೀಮು ಮಾಡಿ, ಗಟ್ಟ್ಯಾಗಿ ತಿರುಗಿ ಬರತೈತಿ."

ಯಾರೂ ನಂಬಲಿಲ್ಲ. ಆಗ ಅವರು ನೊಣದ ಕುಸ್ತಿ ಹಚ್ಚಿದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದು ನಗುತ್ತೇನೆ.

ತೊರಗಲ್ಲಿನ ಕುರಿಗಾರನೊಬ್ಬ ಕಣ್ಣಿನ ಬೇನೆಗೆ ಇವರ ಹತ್ತಿರ ಬರುತ್ತಿದ್ದ. ಗುಡ್ಡದ ಮಗ್ಗಲಿನ ಅವನ ಕುರಿಹಟ್ಟಿಗೆ ಯಾವ ಪುಡಿಯೂ ಮುಟ್ಟಿರಲಿಲ್ಲ. ಮುಂದಿನ ಸಲ ಬರುವಾಗ ನಿನ್ನ ಹಟ್ಟಿಯ ನೊಣ ತಗೊಂಡು ಬಾ ಎಂದು ಡಾಕ್ಟರು ಅವನಿಗೆ ಒಂದು ಶೀಸೆ ಕೊಟ್ಟರು. ಅವನು ಶೀಸೆಯ ತುಂಬ ನೊಣ ಹಿಡಿದು, ಬಾಯಿಗೆ ಅರಿವೆ ಕಟ್ಟಿ, ತಿನ್ನಲು ಒಂದು ಹರಳು ಬೆಲ್ಲ ಹಾಕಿ ಬಸ್ಸು ಹತ್ತಿದ. ಕಂಡಕ್ಟರು ನೋಡಿ, "ಇವಕ್ಕ ತಿಕೀಟ ತಗೋ" ಎಂದು ಚೇಷ್ಟೆ ಮಾಡಿದ. ಕುರಿಗಾರ ನಗದೆ, "ಅರ್ಧ ತಿಕೀಟ ಕೊಡ್ರಿ, ಇನ್ನೂ ಸಣ್ಣವು ಅದಾವು" ಎಂದ. ಬಸ್ಸಿನ ಮಂದಿಯೆಲ್ಲ ಕುಸ್ತಿ ನೋಡಲು ನಮ್ಮೂರಲ್ಲೇ ಇಳಿದುಬಿಟ್ಟರು. ಕೊನೆಗೆ ಕಂಡಕ್ಟರೂ ಇಳಿದ.

ವಾಡೆಯ ಕಟ್ಟೆಯ ಮೇಲೆ ಎರಡು ಶೀಸೆ ಇಟ್ಟರು. ಒಂದರಲ್ಲಿ ತೊರಗಲ್ಲಿನ ನೊಣ, ಇನ್ನೊಂದರಲ್ಲಿ ನಮ್ಮೂರಿನವು. ಎರಡಕ್ಕೂ ಒಂದೇ ಚಮಚೆಯಿಂದ ಒಂದೇ ಅಳತೆ ಪುಡಿ ಹಾಕಿದರು. ಹೆಂಗಸರು ನಾವು ಬಾವಿಕಟ್ಟೆಯ ಮೇಲೆ ಹತ್ತಿ ನಿಂತು ನೋಡಿದೆವು. ತೊರಗಲ್ಲಿನವು ಸುತ್ತು ತಿರುಗಿದವು, ಅಂಗಾತ ಬಿದ್ದವು, ಕಾಲು ಮೇಲೆ ಮಾಡಿದವು. ನಮ್ಮೂರಿನವು ಬೆಲ್ಲದ ಮೇಲೆ ಕುಳಿತು ಕೈ ತಿಕ್ಕಿಕೊಳ್ಳುತ್ತಿದ್ದವು, ಉಂಡು ಕೈತೊಳೆದ ಮಂದಿಯ ಹಾಗೆ.

ಊರು ಏನು ತಿಳಿದುಕೊಳ್ಳಬೇಕಿತ್ತು, ಏನು ತಿಳಿದುಕೊಂಡಿತು ಕೇಳಿ. ನಮ್ಮೂರು ಗೆದ್ದಿತು ಎಂದು ಗದ್ದಲ ಎಬ್ಬಿಸಿತು. ಯಾರೋ ಹಲಗೆ ಬಾರಿಸಿದರು. ನಮ್ಮ ಯಜಮಾನರು ಮೀಸೆ ತಿರುವಿ ಕುರಿಗಾರನಿಗೆ, "ನಮ್ಮ ನೀರು ಗಟ್ಟಿ ಐತೋ ತಮ್ಮಾ, ನಿಮ್ಮ ನೊಣಕ್ಕ ಹಾಲು ಕುಡಿಸಿ ಕರಕೊಂಡು ಬಾ" ಎಂದರು. ಪಾಪ, ಅವನು ಮುಖ ಸಣ್ಣದು ಮಾಡಿಕೊಂಡ.

ಡಾಕ್ಟರು ನಡುವೆ ನಿಂತು ಕೈ ಎತ್ತಿದರು. "ಗೆದ್ದವರು ನೀವಲ್ಲರೀ. ಗೆದ್ದದ್ದು ನೊಣ. ಸೋತವರು ನೀವು. ಕಣ್ಣಿಗೆ ಕಾಣೂ ನೊಣ ಇಷ್ಟು ಕಲತೈತಿ ಅಂದ್ರ, ಕಣ್ಣಿಗೆ ಕಾಣಲಾರದ ರೋಗದ ಹುಳ, ನಿಮ್ಮ ಮಣ್ಣಿನ್ಯಾಗ, ನಿಮ್ಮ ಮೈ ಮ್ಯಾಲೆ ಇರೂವು, ಅದ ಪುಡಿಯೊಳಗ ವರ್ಷಾನುಗಟ್ಟಲೆ ಹೊಳ್ಳ್ಯಾಡಿ ಏನೇನು ಕಲತಿದ್ದಾವು? ನನಗ ಸಂಶಯ ಐತಿ."

"ಕಲತರ ಕಲೀಲಿ ಬಿಡ್ರಿ, ಸಾಲಿಗೆ ಹಾಕೂಣು," ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೆ ನಗು. ಡಾಕ್ಟರೂ ನಕ್ಕರು. ನಗುತ್ತಲೇ ಶೀಸೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಇನ್ನು ನೀಲವ್ವನ ಮಾತಿಗೆ ಬರುತ್ತೇನೆ.

ನಮ್ಮ ಮನೆಯ ಇನ್ನೊಂದು ಪದ್ಧತಿ ಇದು. ಚೊಚ್ಚಲ ಬಾಳಂತಿಗೆ ನಮ್ಮದೇ ಹೊಲದಲ್ಲಿ ಮೊದಲ ಸಲ ಬಿಡಿಸಿದ ಹತ್ತಿಯ ಗಾದಿ. ನನ್ನ ಅತ್ತೆ ನನಗೆ ಹಾಗೇ ಮಾಡಿದ್ದರು. ನಾನೂ ಮೊದಲ ಹತ್ತಿಯನ್ನು ಆರಿಸಿ, ಪಿಂಜಾರನಿಂದ ಹಿಂಜಿಸಿ, ಮಲ್ಲಿಗೆಯ ರಾಶಿಯಂಥ ಗಾದಿ ಮಾಡಿಸಿದೆ. ಶಿವಪ್ಪ ತಗಣಿ ಹತ್ತಬಾರದೆಂದು ಹೊರಸಿನ ಹಗ್ಗಕ್ಕೆಲ್ಲ ಹೊಲದ ಪುಡಿ ಉದುರಿಸಿದ. ಅದರ ಮೇಲೆ ಗಾದಿ ಹಾಸಿದೆವು, ಗಾದಿಯ ಮೇಲೆ ತಾಯಿ ಮಗಳನ್ನು ಮಲಗಿಸಿದೆವು.

ಜ್ವರ ಬಂದ ಕೂಡಲೇ ಡಾಕ್ಟರು ಬಂದರು, ಸೂಜಿ ಚುಚ್ಚಿದರು. ಅದು ಒಳ್ಳೆಯ ಔಷಧ, ಎಷ್ಟೋ ಬಾಳಂತಿಯರನ್ನು ಉಳಿಸಿದ ಔಷಧ. ದಿನಾ ಬಂದು ಚುಚ್ಚಿದರು. ಆದರೂ ಸಂಜೆಯಾದರೆ ನೀಲವ್ವನ ಮೈ ಹಂಚಿನಂತೆ ಕಾಯುತ್ತಿತ್ತು. ಮಗುವಿಗೆ ಹಾಲಿಲ್ಲ. ಹಸುವಿನ ಹಾಲಿಗೆ ನೀರು ಬೆರೆಸಿ, ಕಾಯಿಸಿ ಆರಿಸಿ, ಬಟ್ಟೆಯ ಬತ್ತಿಯಿಂದ ನಾನು ಚೀಪಿಸುತ್ತಿದ್ದೆ. ಮಗು ಚೀಪುತ್ತಿತ್ತು, ನಾನು ತಾಯಿಯ ಮುಖ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಡಾಕ್ಟರು ರೊಟ್ಟಿ ಬೇಡವೆಂದರು. ಹೊರಸಿನ ಹತ್ತಿರ ಬಗ್ಗಿ ಗಾದಿಯನ್ನು ಮೂಸಿ ನೋಡಿದರು.

"ಅಕ್ಕಾರ, ಈ ಗಾದಿ ಯಾವ ಹತ್ತೀದು?"

"ನಮ್ಮ ಹೊಲದ್ದ್ರಿ, ಮೊದಲ ಹತ್ತಿ," ಎಂದೆ ಹೆಮ್ಮೆಯಿಂದ.

"ಶಿವಪ್ಪಾ, ಹತ್ತಿಗೆ ಪುಡಿ ಎಷ್ಟು ಹೊಡದಿ?"

"ಹುಳ ಸಾಯವಲ್ಲವಾಗಿದ್ದೂರಿ. ವಾರ ವಾರ ಹೊಡದೇನಿ. ಉಳದದ್ದು ಹೊರಸಿಗೆ ಹಾಕೇನಿ."

ಡಾಕ್ಟರು ಟೊಪ್ಪಿಗೆ ತೆಗೆದು ನೆಲದ ಮೇಲೆ ಕುಳಿತುಬಿಟ್ಟರು. ನಮ್ಮ ಮನೆಯಲ್ಲಿ ಅವರು ಕುಳಿತದ್ದು ಅದೇ ಮೊದಲು.

"ನೋಡ್ರಿ, ಇದು ನನ್ನ ಪುಸ್ತಕದಾಗಿಲ್ಲ. ನನ್ನ ಸಂಶಯ ಅಷ್ಟ. ಒಂದು ವಿಷ ಹೊರಗ ದಬ್ಬಾಕ ಬಾಗಲ ಮಾಡ್ಕೊಂಡ ಹುಳ, ಅದ ಬಾಗಲದಿಂದ ಇನ್ನೊಂದನೂ ದಬ್ಬಬಹುದು. ಪುಡಿ ದಬ್ಬಾಕ ಕಲತದ್ದು ನನ್ನ ಸೂಜಿ ಔಷಧಾನೂ ದಬ್ಬಾಕ ಹತ್ತಿರಬಹುದು. ಸೂಜಿ ಬಿಡೂಣು. ಬ್ಯಾರೆ ಜಾತಿ ಔಷಧ ಬಂದೈತಿ, ಬೆಳಗಾವಿಯಿಂದ ತರಸ್ಬೇಕು. ಈ ಗಾದಿ ಹೊರಸು ಬಿಟ್ಟು ಈಕೀನ್ನ ಬೈಲಹೊಂಗಲಕ್ಕ ಒಯ್ಯೂಣು."

ನಮ್ಮ ಯಜಮಾನರು ಬಾಗಿಲಿಗೆ ಆತು ನಿಂತಿದ್ದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. "ಸಾಹೇಬ್ರ, ಸೂಜಿ ಬಿಟ್ಟು ಇದು ತಪ್ಪಾತಂದ್ರ?"

"ತಪ್ಪಾದ್ರ ಹೊಳ್ಳಿ ಬರಾಕ ವ್ಯಾಳ್ಯಾ ಇರೂದಿಲ್ಲ."

"ನಿಮ್ಮ ಸಂಶಯಕ್ಕ ನಮ್ಮ ಸೊಸೀನ್ನ ಒತ್ತಿ ಇಡೂಣೇನ್ರಿ?"

"ಯಜಮಾನ್ರ, ನನಗೂ ಅಂಜಿಕಿ ಐತಿ," ಎಂದರು ಡಾಕ್ಟರು. ಅಷ್ಟೇ ಎಂದರು.

ನನಗೆ ಗಾದಿಯ ಮೇಲೆ ಸಿಟ್ಟು ಬರಲಿಲ್ಲ, ಡಾಕ್ಟರ ಮೇಲೆ ಬಂತು. ಅತ್ತೆಯ ಕಾಲದಿಂದ ಬಂದದ್ದಕ್ಕೆ ಹೆಸರಿಡುತ್ತಾರಲ್ಲ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಹೊರಸಿನ ಮೇಲಿಂದ ನೀಲವ್ವ, ಕಣ್ಣು ಮುಚ್ಚಿಕೊಂಡೇ ಅಂದಳು: "ಅತ್ತಿ, ಕೂಸಿಗೆ ನಾ ಬೇಕ್ರಿ. ಅವರು ಹೇಳಿದಂಗ ಮಾಡ್ರಿ."

ತೆರೆದ ಬಾಯಿ ಮುಚ್ಚಿದೆ. ಶಿವಪ್ಪ ಚಕ್ಕಡಿ ಹೂಡಿದ. ಗಾದಿ ಅಲ್ಲೇ ಬಿಟ್ಟು, ನನ್ನ ಹಳೆಯ ಸೀರೆಗಳನ್ನು ಕುದಿಸಿ ಒಣಗಿಸಿ ಹಾಸಿದೆವು.

ಬೆಳಗಾವಿಯಿಂದ ಔಷಧ ತಂದದ್ದು ಆ ನೊಣದ ಕಂಡಕ್ಟರೇ. ತಿಕೀಟಿನ ಚೀಲದಲ್ಲಿ ಹಾಕಿ, ಚೀಲವನ್ನು ಎದೆಗೆ ಅಪ್ಪಿಕೊಂಡು ಇಳಿದ. "ಇದಕ್ಕ ತಿಕೀಟ ಇಲ್ಲರಿ," ಎಂದ. ಅವನ ಕಣ್ಣಲ್ಲೂ ನೀರಿತ್ತು. ಡಾಕ್ಟರು ನಮ್ಮೂರಿನ ಕೆಲಸ ಮುಗಿಸಿ ದಿನಾ ಸೈಕಲ್ಲಿನಲ್ಲಿ ಬೈಲಹೊಂಗಲಕ್ಕೆ ಬರುತ್ತಿದ್ದರು, ಅಲ್ಲಿನ ಡಾಕ್ಟರ ಕೂಡ ಗುಜುಗುಜು ಮಾತಾಡುತ್ತಿದ್ದರು. ಎರಡು ಸಂಜೆ ಮೈ ಕಾದೇ ಕಾಯಿತು. ನಾನು ಯಾವ ದೇವರನ್ನೂ ಬಿಡಲಿಲ್ಲ. ಮರುದಿನ ಸಂಜೆ ನೀಲವ್ವನ ಹಣೆಯ ಮೇಲೆ ಬೆವರು ಮೂಡಿತು. ಒರೆಸಿದೆ, ಮತ್ತೆ ಮೂಡಿತು. ಡಾಕ್ಟರು ಶಾಖದ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದರು, ಝಾಡಿಸಿದರು, ಮತ್ತೊಮ್ಮೆ ಇಟ್ಟು ನೋಡಿದರು. ಆಮೇಲೆ ನನ್ನ ಬುತ್ತಿಯ ಗಂಟನ್ನು ತಾವೇ ಬಿಚ್ಚಿ ಮೆಟ್ಟಿಲ ಮೇಲೆ ಕುಳಿತು, ರೊಟ್ಟಿಯನ್ನೆಲ್ಲ ಖಾಲಿ ಮಾಡಿದರು. ನಮಗೆ ಒಂದೂ ಉಳಿಸಲಿಲ್ಲ. ಅಂಥ ಹಸಿವನ್ನು ನೋಡುವುದೇ ನನಗೆ ಊಟವಾಯಿತು.

"ಹಂಗಾರ ಪುಡಿದ ತಪ್ಪೇನ್ರಿ?" ಎಂದು ಕೇಳಿದೆ.

"ಗೊತ್ತಿಲ್ಲ ಅಕ್ಕಾರ. ಸೂಲಗಿತ್ತಿ ಉಗುರಿಂದು ಇರಬಹುದು. ಪಾಲು ಮಾಡಿ ತಿಂದ ಗುಳಿಗಿಯಿಂದ ಹುಳ ಗಟ್ಟ್ಯಾಗಿರಬಹುದು. ಪುಡಿದೂ ಇರಬಹುದು. ಔಷಧ ಬದಲು ಮಾಡಿದ್ದಕ್ಕ ಹುಡುಗಿ ಉಳದಾಳ, ಅಷ್ಟು ಖರೆ. ಉಳದದ್ದು ಸಂಶಯ."

"ಇಷ್ಟೆಲ್ಲಾ ಆದ ಮ್ಯಾಲೂ ಸಂಶಯೇನ್ರಿ?"

"ಈಗ ಹೆಚ್ಚಾಗೇತಿ," ಎಂದು ನಕ್ಕರು.

ಶಿವಪ್ಪ ತಲೆ ತಗ್ಗಿಸಿ, ಪುಡಿ ಯಂತ್ರವನ್ನು ಬಾವಿಗೆ ಎಸೆಯುತ್ತೇನೆ ಎಂದ. ಡಾಕ್ಟರಿಗೆ ಮರಾಠಿ ಬಂತು. ಆಮೇಲೆ ಕನ್ನಡದಲ್ಲಿ, "ಬಾವ್ಯಾಗ ಒಗದು ಊರಿಗೆಲ್ಲ ಕುಡಸ್ತಿ ಏನು? ಹೊಡೀಬ್ಯಾಡ ಅಂದೇನೇನು ನಾನು? ಹುಳ ಬಿದ್ದಾಗ ಹೊಡಿ, ಬೇಕಾದಷ್ಟ ಹೊಡಿ. ಮನ್ಯಾಗ ತರಬ್ಯಾಡ, ಮೈಗೆ ಹಚ್ಚಬ್ಯಾಡ" ಎಂದರು.

ಹೋದ ವಾರ ಅವರನ್ನು ಕಳಿಸಿಕೊಟ್ಟೆವು. ಊರವರು ಶಾಲು, ತೆಂಗಿನಕಾಯಿ ತಂದರು. ಡಾಕ್ಟರು ಆ ಶಾಲನ್ನು ತೊರಗಲ್ಲಿನ ಕುರಿಗಾರನ ಹೆಗಲಿಗೆ ಹಾಕಿಬಿಟ್ಟರು, ಅವನು ಅಷ್ಟು ದೂರದಿಂದ ಬಂದಿದ್ದ. "ನನಗ ಕೊಡೂದಾದ್ರ ನಿಮ್ಮ ನಿಮ್ಮ ಹೊಲದ ಒಂದೊಂದು ಹಿಡಿ ಮಣ್ಣು ಕೊಡ್ರಿ. ಪುಡಿ ಹೊಡದವರೂ ಕೊಡ್ರಿ, ಹೊಡೀದವರೂ ಕೊಡ್ರಿ" ಎಂದರು. ಪುಣೆಯಲ್ಲಿ ರೋಗದ ಹುಳು ಸಾಕಿ ನೋಡುವ ಗೆಳೆಯನೊಬ್ಬ ಇದ್ದಾನಂತೆ. ಪಿಂಚಣಿಯಾದ ಮೇಲೆ ಇಬ್ಬರೂ ಕೂಡಿ ಈ ಮಣ್ಣಿನ ಹುಳು ಪುಡಿಯಿಂದ ಗಟ್ಟಿಯಾಗಿವೆಯೋ ಇಲ್ಲವೋ ನೋಡುತ್ತಾರಂತೆ. ನಾನು ಗಾದಿ ಬಿಚ್ಚಿ ಒಂದು ಡಬ್ಬಿ ಹತ್ತಿ ಕೊಟ್ಟೆ. ಬಂಗಾರ ಕೊಟ್ಟಂತೆ ಎರಡೂ ಕೈಯಲ್ಲಿ ಇಸಗೊಂಡರು. ಟ್ರಂಕಿನ ತುಂಬ ಮಣ್ಣಿನ ಪುಟ್ಟ ಪುಟ್ಟ ಗಂಟು. ಬಸ್ಸಿನ ಮೇಲೆ ಏರಿಸುವಾಗ ಹಮಾಲ, "ಏನ್ ಗಳಿಸೀರ್ರಿ ಸಾಹೇಬ್ರ, ಇಷ್ಟು ವಜ್ಜಾ ಐತಿ" ಎಂದ. "ನಿಮ್ಮೂರು," ಎಂದರು.

ಇವತ್ತು ಸಂಜೆ ಗೋಧಿಹುಗ್ಗಿ ಮಾಡಿದೆ, ಬದನೆಕಾಯಿ ಎಣ್ಣೆಗಾಯಿ ಮಾಡಿದೆ, ರೊಟ್ಟಿ ಬಡಿದೆ. ಬಾಳಂತಿಗೆ ಬೇರೆ ಕೋಣೆ, ಬೇರೆ ತಾಟು ಎಂಬುದು ನಮ್ಮಲ್ಲಿ ಇದ್ದದ್ದೇ. ಇವತ್ತು ನಾನೇ ನೀಲವ್ವನ ತಾಟನ್ನು ಎಲ್ಲರ ಸಾಲಿನಲ್ಲಿ ಇಟ್ಟೆ. ಯಜಮಾನರು ನೋಡಿದರು, ಸ್ವಲ್ಪ ಸರಿದು ಜಾಗ ಮಾಡಿದರು. ಶಿವಪ್ಪ ತೊಡೆಯ ಮೇಲೆ ಮಗಳನ್ನು ಹಾಕಿಕೊಂಡು ಒಂದೇ ಕೈಯಲ್ಲಿ ಉಣ್ಣುತ್ತಿದ್ದ. ಅವನ ಮೀಸೆಗೆಲ್ಲ ಹುಗ್ಗಿ.

ನೀಲವ್ವನಿಗೆ ಸಬ್ಬಸಗಿ ಪಲ್ಯ, ಮೆತ್ತನೆಯ ರೊಟ್ಟಿ ಹಾಕಿದ್ದೆ. ಮುಗಿಸಿದಳು. ಆಮೇಲೆ ಮಾವನ ತಾಟಿನ ಕಡೆ ನೋಡಿ, "ಅತ್ತಿ, ನನಗೂ ಎಣ್ಣೆಗಾಯಿ" ಎಂದಳು.

"ಬಾಳಂತಿಗೆ ಖಾರ ಆಗೂದಿಲ್ಲ ಬೇ," ಎಂದೆ.

"ಚೂರ ಹಾಕ ಬಿಡ, ಬಾಯಿ ರುಚಿ ಕೇಳಾಕ ಹತ್ತೇತಿ ಅಕೀಗೆ," ಎಂದರು ಯಜಮಾನರು.

ಒಂದು ಬದನೆಕಾಯಿಯ ಅರ್ಧ ಹಾಕಿದೆ. ಬಿಸಿ ರೊಟ್ಟಿ ಕೊಡುವಾಗ ಅವಳ ಬೆರಳು ನನ್ನ ಕೈಗೆ ತಾಕಿತು. ತಣ್ಣಗಿತ್ತು. ನಾನು ಆ ಕೈಯನ್ನು ಹಾಗೇ ಹಿಡಿದುಕೊಂಡೆ. ಅವಳು ಇನ್ನೊಂದು ಕೈಯಿಂದ ರೊಟ್ಟಿ ಮುರಿದು ಉಣ್ಣುತ್ತಲೇ ಇದ್ದಳು.